ಮಾಂಸದ ಪೈ: ಪೈಗೆ ಪೈ ಲೆಕ್ಕ

ದುಡಿಯುವವರ ವಾರಪತ್ರಿಕೆಗೆ ಅಡುಗೆಮನೆಯ ಸಮಾಚಾರ ಯಾತಕ್ಕೆ ಎಂದು ಕೆಲವು ಮಿತ್ರರು ಕೇಳಬಹುದು. ಅದೂ ಇಂಗ್ಲೆಂಡಿನ ಅಡುಗೆ. ಅದರಲ್ಲೂ ಮಾಂಸದ ಪೈ! ಕೂಲಿ, ತುಟ್ಟಿಭತ್ಯೆ, ತೆರಿಗೆ, ಬಾಡಿಗೆಗಳ ಮಾತೇ ಮುಗಿಯದಿರುವಾಗ ಬಿಳಿಯರ ಕಡುಬಿನ ಗೊಡವೆ ನಮಗೇಕೆ? ಪ್ರಶ್ನೆ ನ್ಯಾಯವಾದುದೇ. ಆದರೆ ಆ ಕಡುಬನ್ನು ಒಡೆದು ನೋಡಿದರೆ ಒಳಗಿರುವ ಹೂರಣ ಇದೇ ಕೂಲಿ, ಇದೇ ತೆರಿಗೆ, ಇದೇ ಬಾಡಿಗೆ. ಅದನ್ನು ತೋರಿಸುವುದಕ್ಕಾಗಿಯೇ ಈ ಲೇಖನ.

2022ರ ಮೇ ತಿಂಗಳಿನಲ್ಲಿ ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ಒಂದು ಮಾತು ಹೊರಟಿತು. ಆಗ ಕನ್ಸರ್ವೇಟಿವ್ ಪಕ್ಷದಲ್ಲಿದ್ದ, ಆಶ್‌ಫೀಲ್ಡ್ ಕ್ಷೇತ್ರದ ಸದಸ್ಯ ಲೀ ಆಂಡರ್ಸನ್ ಅವರು ಎದ್ದು ನಿಂತು, ದೇಶದಲ್ಲಿ ಧರ್ಮದ ದವಸಕೇಂದ್ರಗಳ ಅಗತ್ಯ ಅಷ್ಟೇನೂ ಇಲ್ಲ, ಜನರಿಗೆ ಸರಿಯಾಗಿ ಅಡುಗೆ ಮಾಡಲು ಬರುವುದಿಲ್ಲ, ಖರ್ಚು ತೂಗಿಸಲು ಬರುವುದಿಲ್ಲ, ಅದೇ ತೊಂದರೆ ಎಂದರು. ಮೊದಲಿನಿಂದ ಮನೆಯಲ್ಲೇ ಬೇಯಿಸಿದರೆ ದಿನಕ್ಕೆ ಸುಮಾರು 30 ಪೆನ್ಸಿನಲ್ಲಿ ಊಟ ಮಾಡಬಹುದೆಂದು ಲೆಕ್ಕವನ್ನೂ ಕೊಟ್ಟರು. ಸೋಜಿಗವೆಂದರೆ, ಈ ಮಹಾಶಯರು ಹಿಂದೆ ಕಲ್ಲಿದ್ದಲ ಗಣಿಯಲ್ಲಿ ಕೆಲಸ ಮಾಡಿದವರು.

ಇಂಥ ಉಪದೇಶ ಹೊಸದಲ್ಲ. ಬಡವನು ಹಸಿದಿದ್ದಾನೆ ಎಂದೊಡನೆ ಅವನ ಹೆಂಡತಿಗೆ ಅಡುಗೆ ಬಾರದೆಂದು ಹೇಳುವುದು ಉಳ್ಳವರ ಹಳೆಯ ಚಾಳಿ. ಆ ಉಪದೇಶವನ್ನು ಅವರದೇ ನಾಡಿನ ಅಡುಗೆಯೊಂದನ್ನು ಹಿಡಿದು ತೂಗಿ ನೋಡೋಣ. ಬ್ರಿಟನ್ನಿನ ದುಡಿಯುವ ಜನ ತಲೆತಲಾಂತರದಿಂದ ತಿಂದುಕೊಂಡು ಬಂದ ಮಾಂಸದ ಪೈಯನ್ನೇ ತೆಗೆದುಕೊಳ್ಳೋಣ.

ಮನೆಯಲ್ಲಿ ಮಾಡುವ ಬಗೆ

ನಮ್ಮ ಹೋಳಿಗೆಗೆ ಹೇಗೋ ಪೈಗೂ ಹಾಗೆಯೇ: ಕಣಕ ಮತ್ತು ಹೂರಣ ಎಂಬ ಎರಡೇ ಭಾಗ. ಹೂರಣ ಮಾಂಸದ್ದು, ಕಣಕ ಗೋಧಿಹಿಟ್ಟಿನದು. ಅವರಲ್ಲಿ ಹೆಚ್ಚಾಗಿ ದನದ ಮಾಂಸ. ಕೆಲವರು ಮೂತ್ರಪಿಂಡವನ್ನೂ ಸೇರಿಸುತ್ತಾರೆ. ಲೆಸ್ಟರ್‌ಷೈರಿನ ಮೆಲ್ಟನ್ ಮೌಬ್ರೆ ಊರು ಹಂದಿಮಾಂಸದ ಪೈಗೆ ಹೆಸರುವಾಸಿ. ಸ್ಕಾಟ್ಲೆಂಡಿನವರು ಕುರಿಮಾಂಸದಿಂದ ಮಾಡುತ್ತಾರೆ. ನಮಗೆ ಹತ್ತಿರವಾದದ್ದು ಕುರಿಮಾಂಸವೇ ಆದ್ದರಿಂದ ಅದನ್ನೇ ಹೇಳುತ್ತೇನೆ.

ನಾಲ್ವರಿಗೆ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು ಮೂಳೆಯಿಲ್ಲದ ಮಾಂಸ ಬೇಕು. ಎಳೆಯದಾದ ಬೆಲೆಯ ತುಂಡೇ ಬೇಕೆಂದಿಲ್ಲ. ಕಾಲಿನ ಕೆಳಭಾಗ, ಕುತ್ತಿಗೆ, ಭುಜದ ಗಟ್ಟಿ ಮಾಂಸವೇ ಇದಕ್ಕೆ ಒಳ್ಳೆಯದು. ಪ್ರಾಣಿ ಹೆಚ್ಚು ದುಡಿಸಿಕೊಂಡ ಅಂಗದಲ್ಲಿ ನಾರು ಹೆಚ್ಚು. ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸಿದರೆ ಆ ನಾರು ಕರಗಿ ಅಂಟಾದ ರಸವಾಗುತ್ತದೆ, ರುಚಿ ಅದರಲ್ಲೇ ಇದೆ. ಮಾಂಸವನ್ನು ಸಣ್ಣ ತುಂಡು ಮಾಡಿ, ಒಂದು ಚಮಚ ಹಿಟ್ಟಿನಲ್ಲಿ ಹೊರಳಿಸಿ, ಕಂದು ಬಣ್ಣ ಬರುವವರೆಗೆ ಹುರಿಯಬೇಕು. ಎರಡು ಈರುಳ್ಳಿ, ಒಂದು ಗಜ್ಜರಿ, ಉಪ್ಪು, ಧಾರಾಳವಾಗಿ ಮೆಣಸಿನ ಪುಡಿ ಸೇರಿಸಬೇಕು. ಇಲ್ಲಿ ಕರಿಮೆಣಸೇ, ಕೆಂಪು ಖಾರವಲ್ಲ. ಮುಳುಗುವಷ್ಟು ಮೂಳೆಯ ಸಾರನ್ನೋ ನೀರನ್ನೋ ಹಾಕಿ ಎರಡು ಗಂಟೆ ಸಣ್ಣಗೆ ಕುದಿಸಬೇಕು. ರಸ ಗಟ್ಟಿಯಾದ ಮೇಲೆ ಇಳಿಸಿ ಪೂರ್ತಿ ಆರಲು ಬಿಡಬೇಕು. ಬಿಸಿ ಹೂರಣ ಹಾಕಿದರೆ ಕಣಕದೊಳಗಿನ ಬೆಣ್ಣೆ ಒಲೆಗೆ ಹೋಗುವ ಮುಂಚೆಯೇ ಕರಗಿ ತಳ ಹಸಿಯಾಗಿ ಉಳಿಯುತ್ತದೆ.

ಮಾಂಸ ಆರುತ್ತಿರುವಾಗ ಕಣಕದ ಕೆಲಸ. 300 ಗ್ರಾಂ ಮೈದಾ, ಅದರ ಅರ್ಧದಷ್ಟು ಎಂದರೆ 150 ಗ್ರಾಂ ತಣ್ಣನೆಯ ಬೆಣ್ಣೆ, ಚಿಟಿಕೆ ಉಪ್ಪು. ಬೆರಳ ತುದಿಯಿಂದ ಬೆಣ್ಣೆಯನ್ನು ಹಿಟ್ಟಿಗೆ ಉಜ್ಜುತ್ತಾ ಹೋದರೆ ಅದು ರವೆಯ ಹಾಗೆ ಪುಡಿಪುಡಿಯಾಗುತ್ತದೆ. ಆಗ ನಾಲ್ಕಾರು ಚಮಚ ತಣ್ಣೀರು ಚಿಮುಕಿಸಿ ಉಂಡೆ ಮಾಡಬೇಕು. ಹೋಳಿಗೆಯ ಕಣಕವನ್ನು ನಾದಿದಷ್ಟೂ ಒಳ್ಳೆಯದು. ಇದನ್ನು ನಾದಿದರೆ ಕೆಟ್ಟಿತು. ನಾದಿದರೆ ಹಿಟ್ಟಿನ ಜಿಗುಟು ಎದ್ದು ಕಣಕ ರಬ್ಬರಿನಂತಾಗುತ್ತದೆ. ಬೆಣ್ಣೆ ಹಿಟ್ಟಿನ ಕಣಗಳಿಗೆ ಹತ್ತಿಕೊಂಡು ಆ ಜಿಗುಟನ್ನು ತಡೆದರೆ ಮಾತ್ರ ಬೆಂದ ಮೇಲೆ ಬಾಯಲ್ಲಿ ಪುಡಿಯಾಗುತ್ತದೆ. ಉಂಡೆಯನ್ನು ಅರ್ಧ ಗಂಟೆ ತಣ್ಣಗಿನ ಜಾಗದಲ್ಲಿಟ್ಟು, ಮೂರನೆಯ ಎರಡು ಪಾಲನ್ನು ಲಟ್ಟಿಸಿ ತಟ್ಟೆಯ ತಳಕ್ಕೂ ಅಂಚಿಗೂ ಹೊಂದಿಸಿ, ಹೂರಣ ತುಂಬಿ, ಉಳಿದ ಪಾಲಿನಿಂದ ಮುಚ್ಚಳ ಮಾಡಬೇಕು. ಅಂಚನ್ನು ಕರ್ಜಿಕಾಯಿಯ ಹಾಗೆ ಒತ್ತಿ ಮಡಚಿ, ಹಬೆ ಹೋಗಲು ಮೇಲೆ ಒಂದು ಸೀಳು ಹಾಕಿ, ಮೊಟ್ಟೆ ಸವರಿ, 200 ಡಿಗ್ರಿ ಕಾವಿನ ಓವನ್ನಿನಲ್ಲಿ ಮುಕ್ಕಾಲು ಗಂಟೆ ಇಟ್ಟರೆ ಹೊಂಬಣ್ಣ ಬರುತ್ತದೆ.

ಇನ್ನೊಂದು ಬಗೆಯ ಕಣಕವೂ ಉಂಟು. ಹಂದಿಯ ಕೊಬ್ಬನ್ನು ಕುದಿಯುವ ನೀರಿನಲ್ಲಿ ಕರಗಿಸಿ ಹಿಟ್ಟಿಗೆ ಹೊಯ್ದು ಬಿಸಿಯಾಗಿರುವಾಗಲೇ ಕಲಸಿದರೆ ಅದು ಗಟ್ಟಿಯಾಗಿ ನಿಲ್ಲುತ್ತದೆ. ಮರದ ಅಚ್ಚಿನ ಸುತ್ತ ಕೈಯಿಂದಲೇ ಎಬ್ಬಿಸಿದ ಆ ಗೋಡೆಗೆ ತಟ್ಟೆಯ ಆಸರೆಯೂ ಬೇಡ. ಬೆಂದ ಮೇಲೆ ಮುಚ್ಚಳದ ತೂತಿನಿಂದ ಹಂದಿಯ ಕಾಲಿನ ಸಾರನ್ನು ಹೊಯ್ಯುತ್ತಾರೆ. ಆರಿದಾಗ ಅದು ಹೆಪ್ಪುಗಟ್ಟಿ ಮಾಂಸಕ್ಕೆ ಗಾಳಿ ತಾಗದಂತೆ ಮುಚ್ಚಿಕೊಳ್ಳುತ್ತದೆ. ಶೀತಪೆಟ್ಟಿಗೆಗಳಿಲ್ಲದ ಕಾಲದಲ್ಲಿ ಮಾಂಸವನ್ನು ಕೆಡದಂತೆ ಇಡಲು ಹುಡುಕಿದ ಉಪಾಯವದು.

ಇಷ್ಟೇ ಪೈ. ಇದರಲ್ಲಿ ಗುಟ್ಟೇನೂ ಇಲ್ಲ, ರಾಜಭೋಗವೂ ಇಲ್ಲ. ಈಗ ಲೆಕ್ಕಕ್ಕೆ ಬರೋಣ. ಹೆಚ್ಚಿ ಹುರಿಯಲು ಅರ್ಧ ಗಂಟೆ, ಬೇಯಲು ಎರಡು, ಆರಲು ಒಂದು, ಲಟ್ಟಿಸಿ ತುಂಬಲು ಕಾಲು, ಓವನ್ನಿನಲ್ಲಿ ಮುಕ್ಕಾಲು. ಒಟ್ಟು ನಾಲ್ಕೂವರೆ ಗಂಟೆ. ಅದರಲ್ಲಿ ಬೆಂಕಿ ಉರಿದದ್ದು ಸುಮಾರು ಮೂರು ಗಂಟೆ. ಪಾತ್ರೆ ತೊಳೆಯುವುದೂ ಸೇರಿ ಕೈ ಕೆಲಸ ಒಂದೂಕಾಲು ಗಂಟೆ. 30 ಪೆನ್ಸಿನ ಉಪದೇಶದಲ್ಲಿ ಈ ಬೆಂಕಿಯೂ ಈ ಕೈಯೂ ಎಲ್ಲಿವೆ?

ಆರುನೂರು ವರ್ಷದ ಹಿಂದಿನ ನ್ಯಾಯ

ಅವನ್ನು ಲೆಕ್ಕಕ್ಕೆ ಹಿಡಿದವರು ಹಿಂದೆ ಇದ್ದರು. 1378ರಲ್ಲಿ, ಎರಡನೆಯ ರಿಚರ್ಡ್ ದೊರೆಯ ಕಾಲದಲ್ಲಿ, ಲಂಡನ್ ನಗರದ ಅಡುಗೆಯವರಿಗೂ ಪೈ ಮಾಡುವವರಿಗೂ ಒಂದು ದರಪಟ್ಟಿ ಹೊರಟಿತು. ಆ ಕಾಲದಲ್ಲಿ ನಗರದ ಬಡವರ ಮನೆಯಲ್ಲಿ ಓವನ್ ಎಲ್ಲಿಂದ ಬರಬೇಕು? ಗಿರಾಕಿ ತನ್ನ ಮಾಂಸವನ್ನು ತಾನೇ ತಂದು ಪೈಯಂಗಡಿಯಲ್ಲಿ ಬೇಯಿಸಿಕೊಂಡು ಹೋಗುವುದೂ ಇತ್ತು. ಅಂಥವನು ಕೊಬ್ಬಿಸಿದ ಹುಂಜ ತಂದರೆ ಅಂಗಡಿಯವನು ಒಂದೂವರೆ ಪೆನ್ನಿ ತೆಗೆದುಕೊಳ್ಳಬಹುದು, ಹೆಬ್ಬಾತು ತಂದರೆ ಎರಡು ಪೆನ್ನಿ. ಯಾತಕ್ಕೆ? ಪಟ್ಟಿಯಲ್ಲೇ ಬರೆದಿತ್ತು: ಕಣಕಕ್ಕೆ, ಬೆಂಕಿಗೆ, ಶ್ರಮಕ್ಕೆ.

ಓದುಗರು ಈ ಮೂರು ಮಾತನ್ನು ನೆನಪಿಡಬೇಕು. ಪಾಳೆಯಗಾರಿಕೆಯ ಕಾಲದ ನಗರಸಭೆಗೂ ಊಟವೆಂದರೆ ಬರೀ ಹಿಟ್ಟು, ಮಾಂಸವಲ್ಲ, ಬೆಂಕಿಗೂ ದುಡಿಮೆಗೂ ಬೆಲೆಯಿದೆ ಎಂದು ತಿಳಿದಿತ್ತು. 2022ರ ಪಾರ್ಲಿಮೆಂಟಿನ ಸದಸ್ಯರಿಗೆ ತಿಳಿಯಲಿಲ್ಲ. ಮನೆಯ ಹೆಂಗಸು ಮಾಡಿದರೆ ಅದು ಶ್ರಮವಲ್ಲ, ಅದಕ್ಕೆ ಕಾಸಿಲ್ಲ ಎಂಬ ನಂಬಿಕೆಯ ಮೇಲೆಯೇ ಅಗ್ಗದ ಊಟದ ಲೆಕ್ಕವೆಲ್ಲ ನಿಂತಿದೆ. ಈ ಮೂರನ್ನೂ ಒಂದೊಂದಾಗಿ ನೋಡೋಣ.

ಹಿಟ್ಟಿನ ಕತೆ

ಮೊದಲು ಕಣಕ. 1815ರಲ್ಲಿ ಬ್ರಿಟನ್ನಿನ ಜಮೀನುದಾರರು ತಮ್ಮ ಕೈಯಲ್ಲಿದ್ದ ಪಾರ್ಲಿಮೆಂಟಿನಿಂದ ದವಸದ ಕಾಯಿದೆಯನ್ನು ಮಾಡಿಸಿಕೊಂಡರು. ಸ್ವದೇಶದ ಗೋಧಿಯ ಬೆಲೆ ಕ್ವಾರ್ಟರಿಗೆ 80 ಷಿಲಿಂಗ್ ಮುಟ್ಟುವವರೆಗೆ ಹೊರದೇಶದ ಗೋಧಿ ಪೇಟೆಗೆ ಬರಕೂಡದು. ಜಮೀನುದಾರನ ಗೇಣಿ ಉಳಿಯಿತು. ನೇಕಾರನ ರೊಟ್ಟಿ ತುಟ್ಟಿಯಾಯಿತು. ಮೂವತ್ತೊಂದು ವರ್ಷಗಳ ನಂತರ, 1846ರಲ್ಲಿ, ಈ ಕಾಯಿದೆ ರದ್ದಾಯಿತು.

ಅದು ರದ್ದಾದಾಗ ಯಾರ್ಕ್‌ಷೈರಿನ ಡೆನ್ಬಿ ಡೇಲ್ ಎಂಬ ಬಟ್ಟೆ ನೇಯುವ ಊರಿನ ಜನ ಹಬ್ಬ ಮಾಡಿದ್ದು ಹೇಗೆಂದು ಗೊತ್ತೇ? ಒಂದು ದೈತ್ಯಾಕಾರದ ಮಾಂಸದ ಪೈ ಮಾಡಿ! 1788ರಲ್ಲಿ ಮೂರನೆಯ ಜಾರ್ಜ್ ದೊರೆಯ ಕಾಯಿಲೆ ವಾಸಿಯಾಯಿತೆಂದು ಅಲ್ಲಿ ಮೊದಲ ದೊಡ್ಡ ಪೈ ಆಗಿತ್ತು. 1846ರದು ಮಾತ್ರ ದೊರೆಗಾಗಿ ಅಲ್ಲ, ಅಗ್ಗದ ಹಿಟ್ಟಿಗಾಗಿ. ಅಂದು ಜನ ನುಗ್ಗಿದ ರಭಸಕ್ಕೆ ವೇದಿಕೆಯೇ ಕುಸಿಯಿತು. 1887ರಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಐವತ್ತನೆಯ ವರ್ಷಕ್ಕೆಂದು ಮಾಡಿದ ಪೈಯನ್ನು ಕತ್ತರಿಸಿದರೆ ಮಾಂಸ ಹಳಸಿ ನಾರುತ್ತಿತ್ತು! ಅದನ್ನು ಸುಟ್ಟ ಸುಣ್ಣ ಹಾಕಿ ಹೂಳಬೇಕಾಯಿತು. ಒಂದು ವಾರದಲ್ಲಿ ಊರಿನ ಹೆಂಗಸರು ಮತ್ತೊಂದು ಪೈ ಮಾಡಿ ಊರಿನ ಮಾನ ಉಳಿಸಿದರು. 1928ರ ಪೈ ಹಡರ್ಸ್‌ಫೀಲ್ಡಿನ ಆಸ್ಪತ್ರೆಗೆ ಹಣ ಕೂಡಿಸಿತು. 1964ರದು ಊರಿಗೊಂದು ಸಭಾಭವನ ಕಟ್ಟಿಸಿತು. ದೊರೆಯ ಗುಣಗಾನಕ್ಕೆ ಹುಟ್ಟಿದ ಪೈ ಊರಿನ ಆಸ್ತಿಯಾದ ದಾರಿ ಇದು.

ಹಿಟ್ಟು ಅಗ್ಗವಾದರೆ ಸಾಲದು, ಶುದ್ಧವೂ ಆಗಿರಬೇಕು. ಪೈಯ ಕಣಕ ಮುಚ್ಚಳವಿದ್ದ ಹಾಗೆ. ಒಳಗೆ ಏನಿದೆಯೆಂದು ತಿನ್ನುವವನಿಗೆ ಕಾಣದು. 1379ರಷ್ಟು ಹಿಂದೆಯೇ ಲಂಡನ್ನಿನ ಪೈ ಮಾಡುವವರ ಮೇಲೆ ನಗರಸಭೆ ಹೊರಿಸಿದ ಆರೋಪ ಏನೆಂದರೆ, ನಾರುವ ಮಾಂಸವನ್ನೂ ಕಸರನ್ನೂ ತುಂಬುತ್ತಾರೆ, ದನದ ಮಾಂಸ ಹಾಕಿ ಜಿಂಕೆಯದೆಂದು ಮಾರುತ್ತಾರೆ. 1850ರ ದಶಕದಲ್ಲಿ ಡಾಕ್ಟರ್ ಆರ್ಥರ್ ಹಿಲ್ ಹಸಲ್ ಎಂಬವರು ಸೂಕ್ಷ್ಮದರ್ಶಕ ಹಿಡಿದು ಲಂಡನ್ನಿನ ಆಹಾರವನ್ನು ಪರೀಕ್ಷಿಸಿ, ರೊಟ್ಟಿ ಬೆಳ್ಳಗೆ ಕಾಣಲೆಂದು ಪಟಿಕ ಬೆರೆಸುವುದನ್ನು ಬಯಲಿಗೆಳೆದರು. ಸರಕಾರ ಎಚ್ಚೆತ್ತು ಮೊದಲ ಕಲಬೆರಕೆ ಕಾಯಿದೆ ಮಾಡಿದ್ದು 1860ರಲ್ಲಿ. ಅದಕ್ಕೆ ಹಲ್ಲು ಬಂದದ್ದು 1875ರಲ್ಲಿ. ಅಷ್ಟಾದರೂ 2013ರ ಜನವರಿಯಲ್ಲಿ ದನದ ಮಾಂಸವೆಂದು ಮಾರಿದ ಸಿದ್ಧ ಆಹಾರದಲ್ಲಿ ಕುದುರೆ ಮಾಂಸ ಪತ್ತೆಯಾಗಿ ಐರ್ಲೆಂಡು, ಬ್ರಿಟನ್ ಎರಡೂ ತಲ್ಲಣಿಸಿದವು. ಆರು ಶತಮಾನ ಕಳೆದರೂ ಕಣಕದ ಮರೆಯ ಲಾಭಕೋರತನ ಮಾಯವಾಗಿಲ್ಲ.

ಕಾಯಿದೆಗಾಗಿ ಕಾಯದೆ ತಾವೇ ದಾರಿ ಹುಡುಕಿದವರು ರಾಚ್‌ಡೇಲ್ ಊರಿನ ನೇಕಾರರು ಮತ್ತು ಕುಶಲಕರ್ಮಿಗಳು. ಇಪ್ಪತ್ತೆಂಟು ಜನ ಕೂಡಿ, 28 ಪೌಂಡ್ ಬಂಡವಾಳ ಹೂಡಿ, 1844ರ ಡಿಸೆಂಬರ್ 21ರಂದು ಟೋಡ್ ಲೇನ್ ಬೀದಿಯಲ್ಲಿ ಒಂದು ಅಂಗಡಿ ತೆರೆದರು. ಅಂದು ಅವರ ಹಲಗೆಯ ಮೇಲಿದ್ದದ್ದು ಗೋಧಿಹಿಟ್ಟು, ಬೆಣ್ಣೆ, ಸಕ್ಕರೆ, ಓಟಿನ ಹಿಟ್ಟು, ಮೋಂಬತ್ತಿ, ಇಷ್ಟೇ. ಕಲಬೆರಕೆಯಿಲ್ಲದ ಮಾಲು, ಸರಿಯಾದ ತೂಕ, ಲಾಭದಲ್ಲಿ ಕೊಂಡವರಿಗೂ ಪಾಲು. ಹಿಟ್ಟು ಮತ್ತು ಬೆಣ್ಣೆ ಎಂದರೆ ಪೈಯ ಕಣಕವೇ ಅಲ್ಲವೇ? ಈ ಸಹಕಾರ ತತ್ವವೇ ಮುಂದೆ ಲೋಕವೆಲ್ಲ ಹರಡಿ, 1905ರಲ್ಲಿ ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿಯೂ ಬೇರೂರಿತು.

ಬೆಂಕಿ ಯಾರ ಮನೆಯಲ್ಲಿ?

ಎರಡನೆಯದು ಬೆಂಕಿ. ಕೈಗಾರಿಕಾ ಕ್ರಾಂತಿಯ ಕಾಲದಲ್ಲಿ ಇಂಗ್ಲೆಂಡಿನ ಬಾಡಿಗೆ ಕೋಣೆಗಳಲ್ಲಿ ಬದುಕುತ್ತಿದ್ದ ಅನೇಕ ಕುಟುಂಬಗಳಿಗೆ ಓವನ್ ಇರಲಿಲ್ಲ. ಭಾನುವಾರದ ಮಾಂಸವನ್ನು ತಟ್ಟೆಯಲ್ಲಿಟ್ಟುಕೊಂಡು ಬೇಕರಿಯ ಭಟ್ಟಿಗೆ ಹೊತ್ತುಕೊಂಡು ಹೋಗಿ, ಬೆಂದ ಮೇಲೆ ಮನೆಗೆ ತರುವುದು ಬಡವರ ಬೀದಿಗಳ ಸಾಮಾನ್ಯ ನೋಟವಾಗಿತ್ತು. ವಾರದ ದಿನಗಳಲ್ಲಿ ಆ ಪುರಸತ್ತೂ ಇಲ್ಲ. ಬೀದಿಯ ಪೈಯವನೇ ಗತಿ.

1851ರಲ್ಲಿ ಹೆನ್ರಿ ಮೇಹ್ಯೂ ಎಂಬ ಪತ್ರಕರ್ತರು ಲಂಡನ್ನಿನ ಬಡವರನ್ನು ಬೀದಿ ಬೀದಿ ಅಲೆದು ಮಾತನಾಡಿಸಿ ಬರೆದ ದೊಡ್ಡ ಗ್ರಂಥದಲ್ಲಿ ಈ ಪೈಯವರ ಪಾಡು ಸಿಗುತ್ತದೆ. ಒಂದು ಪೆನ್ನಿಗೆ ಒಂದು ಪೈ. ಗಿರಾಕಿ ಸುಮ್ಮನೆ ಕೊಳ್ಳುತ್ತಿರಲಿಲ್ಲ. ಪೆನ್ನಿಯನ್ನು ಮೇಲಕ್ಕೆ ಚಿಮ್ಮಿ ಪಂದ್ಯ ಕಟ್ಟುತ್ತಿದ್ದ. ಪೈಯವನು ಗೆದ್ದರೆ ಪೈ ಕೊಡದೆಯೇ ಪೆನ್ನಿ ಅವನದು. ಸೋತರೆ ಪೈ ಪುಕ್ಕಟೆ. ಅಷ್ಟು ಸಾಲದೆಂದು, ಪೈಯೊಳಗಿರುವುದು ಬೆಕ್ಕು ನಾಯಿಯ ಮಾಂಸವೆಂದು ಅಣಕಿಸಿ ಜನ ಅವನ ಮುಖದ ಮುಂದೆಯೇ ಮಿಯಾಂವ್ ಎನ್ನುತ್ತಿದ್ದರಂತೆ! ಅಷ್ಟರಲ್ಲಿ ಬಂಡವಾಳವಿದ್ದವರು ಪೈಯಂಗಡಿಗಳನ್ನು ತೆರೆದು ಬೀದಿ ವ್ಯಾಪಾರಿಯ ಹೊಟ್ಟೆಯ ಮೇಲೆ ಹೊಡೆದರು. ತಲೆಯ ಮೇಲೆ ಬುಟ್ಟಿ ಹೊತ್ತು ಮಾರುವ ನಮ್ಮ ಮಿತ್ರರಿಗೆ ಈ ಕತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದು ಹಳೆಯ ಕಾಲದ ಮಾತಾಯಿತು ಎನ್ನುವಿರಾ? ಬ್ರಿಟನ್ನಿನಲ್ಲಿ ಸಾಧಾರಣ ಮನೆಯೊಂದರ ವರ್ಷದ ವಿದ್ಯುತ್ತು ಮತ್ತು ಗ್ಯಾಸಿನ ಬಿಲ್ಲಿಗೆ ಸರಕಾರಿ ನಿಯಂತ್ರಕರು ಹಾಕಿದ್ದ ಮಿತಿ 2021ರ ಅಕ್ಟೋಬರಿನಲ್ಲಿ 1,277 ಪೌಂಡ್ ಇದ್ದದ್ದು 2022ರ ಏಪ್ರಿಲ್‌ನಲ್ಲಿ 1,971 ಪೌಂಡಿಗೆ ಏರಿತು. ಧರ್ಮದ ದವಸಕೇಂದ್ರಗಳಿಗೆ ಬಂದ ಕೆಲವರು ಆಲೂಗಡ್ಡೆ, ಗೆಡ್ಡೆಗಳನ್ನು ಬೇಡವೆನ್ನುತ್ತಿದ್ದಾರೆ, ಬೇಯಿಸಲು ಬೇಕಾದ ಗ್ಯಾಸಿಗೆ ಅವರಲ್ಲಿ ಹಣವಿಲ್ಲ ಎಂದು ಆ ಮಾರ್ಚಿನಲ್ಲೇ ಒಂದು ದೊಡ್ಡ ಅಂಗಡಿ ಸಂಸ್ಥೆಯ ಮುಖ್ಯಸ್ಥರು ಹೇಳಿದ್ದರು. ಪುಕ್ಕಟೆ ಕೊಟ್ಟ ಆಲೂಗಡ್ಡೆಯನ್ನೂ ಬೇಯಿಸಲಾಗದವಳು ಮೂರು ಗಂಟೆ ಬೆಂಕಿ ಉರಿಸಿ ಪೈ ಮಾಡುವುದು ಹೇಗೆ? ಎರಡೇ ತಿಂಗಳ ನಂತರ ಪಾರ್ಲಿಮೆಂಟಿನಲ್ಲಿ ಕೇಳಿಬಂದದ್ದು ಆ 30 ಪೆನ್ಸಿನ ಉಪದೇಶ.

ಬಿಸಿಯೂಟದ ಮೇಲೆ ತೆರಿಗೆ

ಸಣ್ಣ ವ್ಯಾಪಾರಿಗಳು ಮುಂದಿನದನ್ನು ಗಮನವಿಟ್ಟು ಓದಬೇಕು. ಮನೆಯಲ್ಲಿ ಬೆಂಕಿಯಿಲ್ಲದವನು ಬೇಕರಿಯ ಬಿಸಿ ಪೈ ಕೊಳ್ಳುತ್ತಾನೆ. 2012ರ ಮಾರ್ಚ್ 21ರ ಬಜೆಟ್ಟಿನಲ್ಲಿ ಬ್ರಿಟನ್ನಿನ ಅರ್ಥಮಂತ್ರಿ ಜಾರ್ಜ್ ಆಸ್ಬರ್ನ್ ಅವರ ಕಣ್ಣು ಅದರ ಮೇಲೆ ಬಿತ್ತು. ಭಟ್ಟಿಯಿಂದ ಆಗತಾನೇ ತೆಗೆದ ಪೈ, ಪೇಸ್ಟಿಗಳು ಸುತ್ತಲಿನ ಗಾಳಿಗಿಂತ ಬಿಸಿಯಾಗಿದ್ದರೆ ಶೇಕಡಾ 20 ತೆರಿಗೆ, ಆರಿದ್ದರೆ ಇಲ್ಲ. ಚಳಿಯ ದಿನಕ್ಕೊಂದು, ಸೆಕೆಯ ದಿನಕ್ಕೊಂದು ನ್ಯಾಯವೇ? ಬೇಕರಿಯವನು ಬಾಗಿಲಲ್ಲಿ ಉಷ್ಣಮಾಪಕ ಹಿಡಿದು ಕೂರಬೇಕೇ? ಅದೇ ಬಜೆಟ್ಟಿನಲ್ಲಿ ಅತಿ ದೊಡ್ಡ ವರಮಾನದವರ ತೆರಿಗೆಯ ದರವನ್ನು ಶೇಕಡಾ 50ರಿಂದ 45ಕ್ಕೆ ಇಳಿಸುವುದಾಗಿ ಸಾರಿದ್ದರು ಎಂಬುದನ್ನು ಸೇರಿಸಿ ಓದಿದರೆ ಚಿತ್ರ ಪೂರ್ತಿಯಾಗುತ್ತದೆ. ನೀವು ಕಡೆಯ ಬಾರಿ ಪೇಸ್ಟಿ ಕೊಂಡದ್ದು ಯಾವಾಗ ಎಂದು ಪಾರ್ಲಿಮೆಂಟಿನ ಸಮಿತಿಯೊಂದರಲ್ಲಿ ಕೇಳಿದಾಗ ಮಂತ್ರಿಗಳಿಗೆ ನೆನಪಾಗಲಿಲ್ಲ!

ಪೇಸ್ಟಿಯೆಂದರೆ ಕಾರ್ನ್‌ವಾಲ್ ಸೀಮೆಯ ಪೈ. ತಟ್ಟೆಯಿಲ್ಲದೆ ಕೈಯಲ್ಲೇ ಹಿಡಿದು ತಿನ್ನಲು ಕರ್ಜಿಕಾಯಿಯ ಆಕಾರದಲ್ಲಿ ಮಡಚಿದ್ದು; ಒಳಗೆ ದನದ ಮಾಂಸ, ಆಲೂಗಡ್ಡೆ, ಈರುಳ್ಳಿ, ಒಂದು ಬಗೆಯ ಗೆಡ್ಡೆ. ತವರ, ತಾಮ್ರದ ಗಣಿಗೆ ಇಳಿಯುವವನ ಬುತ್ತಿಯದು. ಕಾರ್ನ್‌ವಾಲಿನ ಗಣಿಗಳು ಸೊರಗಿದಾಗ ಆ ಗಣಿಗಾರರು ದೇಶಾಂತರ ಹೊರಟರು. ಮೆಕ್ಸಿಕೋದ ಪಚೂಕಾದಲ್ಲಿ ಅವರ ಪೇಸ್ಟಿ ಇಂದಿಗೂ ಊರಿನ ತಿಂಡಿ. 1880ರ ದಶಕದಿಂದ ಜಾನ್ ಟೇಲರ್ ಕಂಪನಿಯ ಜೊತೆಗೆ ನಮ್ಮ ಕೋಲಾರದ ಚಿನ್ನದ ಗಣಿಗಳಿಗೂ ಅವರು ಬಂದರು. ಅಲ್ಲಿ ಅವರು ಮೇಲಿನ ದರ್ಜೆಯವರು, ಕೆಳಗೆ ಬೆವರು ಸುರಿಸಿದವರು ನಮ್ಮವರು. ಆದರೆ ಅವರನ್ನು ಊರು ಬಿಡಿಸಿದ್ದೂ ಬಂಡವಾಳದ ಲೆಕ್ಕವೇ, 2001ರಲ್ಲಿ ಕೋಲಾರದ ಗಣಿ ಮುಚ್ಚಿ ನಮ್ಮವರನ್ನು ಬೀದಿಗೆ ತಂದದ್ದೂ ಲಾಭನಷ್ಟದ ಲೆಕ್ಕವೇ.

ಇರಲಿ. ಪೇಸ್ಟಿ ತೆರಿಗೆಗೆ ಬೇಕರಿಯವರು, ಕೆಲಸಗಾರರು, ಗಿರಾಕಿಗಳು ಒಂದಾಗಿ ಎದ್ದರು. ಕಾರ್ನ್‌ವಾಲಿನಲ್ಲಿ ಮೆರವಣಿಗೆ ನಡೆಯಿತು. ಲಂಡನ್ನಿಗೆ ಅರ್ಜಿ ಹೋಯಿತು. ಎರಡು ತಿಂಗಳು ಕಳೆದ ಮೇಲೆ, ಮೇ ಕೊನೆಯಲ್ಲಿ, ಸರಕಾರ ಹಿಂದೆ ಸರಿದು, ಭಟ್ಟಿಯಿಂದ ತೆಗೆದು ತಾನಾಗಿ ಆರಲು ಬಿಟ್ಟ ಪೈಗೆ ತೆರಿಗೆಯಿಲ್ಲ ಎಂದಿತು. ವ್ಯಾಪಾರಿಯೂ ಕಾರ್ಮಿಕನೂ ಬೇರೆ ಬೇರೆ ದಾರಿ ಹಿಡಿದಿದ್ದರೆ ಇದು ಸಾಧ್ಯವಾಗುತ್ತಿತ್ತೇ?

ಶ್ರಮಕ್ಕೆ ಬೆಲೆ ಕಟ್ಟುವವರು ಯಾರು?

ಮೂರನೆಯದೇ ಮುಖ್ಯ. 1845ರಲ್ಲಿ ಫ್ರೆಡರಿಕ್ ಎಂಗೆಲ್ಸರು ಇಂಗ್ಲೆಂಡಿನ ಕಾರ್ಮಿಕರ ಸ್ಥಿತಿಯ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ಸಣ್ಣ ಸಂಗತಿ ಬರುತ್ತದೆ. ಅವರು ಮ್ಯಾಂಚೆಸ್ಟರಿನಲ್ಲಿ ತಮ್ಮ ತಂದೆ ಪಾಲುದಾರರಾಗಿದ್ದ ಹತ್ತಿ ಗಿರಣಿಯಲ್ಲೇ ಕೆಲಸ ಮಾಡುತ್ತಾ ಕಂಡದ್ದು. ಕಾರ್ಮಿಕನಿಗೆ ಕೂಲಿ ಸಿಗುವುದು ಶನಿವಾರ ಸಂಜೆ. ಆ ಹೊತ್ತಿಗೆ ಒಳ್ಳೆಯ ಮಾಂಸವನ್ನು ಮಧ್ಯಮವರ್ಗದವರು ಬೆಳಿಗ್ಗೆಯೇ ಕೊಂಡು ಹೋಗಿರುತ್ತಾರೆ. ಇವನಿಗೆ ಉಳಿದದ್ದು ಮುದಿ ಪ್ರಾಣಿಯದು, ಹಳಸಿದ್ದು. ನೋಡಿ, ಕೂಲಿ ಎಷ್ಟು ಎಂಬುದಷ್ಟೇ ಅಲ್ಲ, ಯಾವ ಹೊತ್ತಿಗೆ ಎಂಬುದೂ ತಟ್ಟೆಯಲ್ಲಿ ಕಾಣುತ್ತದೆ.

ಗಿರಣಿಯಲ್ಲಿ ಹೆಂಗಸರೂ ದುಡಿಯುತ್ತಿದ್ದರು. ಬಟ್ಟೆಗಿರಣಿಗಳ ಹೆಂಗಸರಿಗೂ ಎಳೆಯರಿಗೂ ದಿನಕ್ಕೆ ಹತ್ತು ಗಂಟೆಯ ಮಿತಿ ಬಂದದ್ದು 1847ರ ಕಾಯಿದೆಯಿಂದ; ಅದೂ ವರ್ಷಗಟ್ಟಲೆ ಹೋರಾಡಿದ ಮೇಲೆ. ಹತ್ತು ಗಂಟೆ ಮಗ್ಗದ ಮುಂದೆ ನಿಂತು ಬಂದವಳು ನಾಲ್ಕೂವರೆ ಗಂಟೆಯ ಪೈ ಮಾಡುವುದು ಎಂದಿಗೆ? ಅವಳು ಅಂಗಡಿಯ ಪೈ ಕೊಂಡು ತಂದರೆ ಅದು ಸೋಮಾರಿತನವಲ್ಲ. ಅವಳ ಹೊತ್ತನ್ನು ಮಾಲೀಕನು ಆಗಲೇ ಕೊಂಡಿದ್ದನು, ಅದೂ ಅಗ್ಗಕ್ಕೆ.

ಸಮಾಜ ಮನಸ್ಸು ಮಾಡಿದರೆ ಬೇರೆ ದಾರಿಯಿದೆ ಎಂಬುದಕ್ಕೂ ಬ್ರಿಟನ್ನೇ ಸಾಕ್ಷಿ. ಎರಡನೆಯ ಮಹಾಯುದ್ಧದಲ್ಲಿ, 1940ರ ಮಾರ್ಚಿನಿಂದ ಮಾಂಸಕ್ಕೆ ಪಡಿತರ ಬಂತು. ಹಣವಂತನಿಗೂ ಗಿರಣಿಯವನಿಗೂ ಒಂದೇ ಪಾಲು. ಅದು ಪೂರ್ತಿ ತೆಗೆದದ್ದು 1954ರ ಜುಲೈ 4ರಂದು. ಸರಕಾರವೂ ನಗರಸಭೆಗಳೂ ಸೇರಿ ಬ್ರಿಟಿಷ್ ರೆಸ್ಟೋರೆಂಟುಗಳೆಂಬ ಸಾರ್ವಜನಿಕ ಊಟದ ಮನೆಗಳನ್ನು ತೆರೆದವು. 1943ರ ಹೊತ್ತಿಗೆ ಅವು 2,000ಕ್ಕೂ ಹೆಚ್ಚು. ಹೊಲದಲ್ಲಿ ದುಡಿಯುವವರಿಗೆ ಹಳ್ಳಿಹಳ್ಳಿಗೆ ಮಾಂಸದ ಪೈಗಳನ್ನು ಒಯ್ದು ಹಂಚಲು ಸ್ವಯಂಸೇವಕಿಯರ ಯೋಜನೆಯೂ ನಡೆಯಿತು. ಮಾಂಸ ತಿನ್ನದ ನಮ್ಮ ಓದುಗರಿಗೂ ಒಂದು ಸಮಾಚಾರ: ಆಹಾರಮಂತ್ರಿ ಲಾರ್ಡ್ ವುಲ್ಟನ್ನರ ಹೆಸರಿನಲ್ಲಿ 1941ರಲ್ಲಿ ಪ್ರಸಿದ್ಧವಾದ ಪೈಯಲ್ಲಿ ಮಾಂಸವೇ ಇರಲಿಲ್ಲ, ಆಲೂಗಡ್ಡೆ, ಗಜ್ಜರಿ, ಹೂಕೋಸುಗಳ ಹೂರಣ. ಅದರ ರುಚಿಯನ್ನು ಜನ ಗೇಲಿ ಮಾಡಿದರು ನಿಜ. ಆದರೆ ಕಣಕ, ಬೆಂಕಿ, ಶ್ರಮ ಮೂರರ ಹೊರೆಯನ್ನೂ ಒಬ್ಬ ಹೆಂಗಸಿನ ತಲೆಯ ಮೇಲೆ ಹೊರಿಸದೆ ಸಮಾಜವೇ ಹೊತ್ತ ಕಾಲವದು. ಯುದ್ಧಕ್ಕೆ ಜನ ಬೇಕಾದಾಗ ಆದದ್ದು ಶಾಂತಿಯ ಕಾಲದಲ್ಲಿ ಯಾಕೆ ಆಗಬಾರದು?

ನಮಗೇನು ಪಾಠ?

ಮೇಲೆ ಹೇಳಿದ ಪೈ ಮಾಡುವ ಬಗೆಯನ್ನು ಮೊನ್ನೆ ನಮ್ಮ ಸಂಗಾತಿಯೊಬ್ಬರ ಮನೆಯಲ್ಲಿ ಓದಿ ಹೇಳಿದೆ. ಅವರ ಹೆಂಡತಿ ನೂಲಿನ ಗಿರಣಿಯ ಪಾಳಿ ಮುಗಿಸಿ ಆಗತಾನೇ ಬಂದಿದ್ದರು. ಎಲ್ಲ ಕೇಳಿ, “ಮಾಡೋದೇನು ಕಷ್ಟ ಅಲ್ಲ ಬಿಡಿ ಅಣ್ಣಾ, ನಮ್ಮ ಕರ್ಜಿಕಾಯಿ ಇದ್ದ ಹಾಗೇ ಐತೆ. ಮಾಂಸ ಸಂತೇಲಿ ಸಿಗ್ತದೆ, ಮೈದಾ ಶೆಟ್ಟರ ಅಂಗಡೀಲಿ ಸಿಗ್ತದೆ. ಆ ನಾಲ್ಕೂವರೆ ಗಂಟೆ ಯಾವ ಅಂಗಡೀಲಿ ಸಿಗ್ತದೆ, ಅದನ್ನ ಹೇಳಿ” ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ರಾಜ್ಯದ ಶಾಸನಸಭೆಯೇ 2023ರಲ್ಲಿ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನದ ದುಡಿಮೆ ಹನ್ನೆರಡು ಗಂಟೆಯವರೆಗೂ ಹೋಗಬಹುದೆಂದು ದಾರಿ ಮಾಡಿಕೊಟ್ಟಿರುವಾಗ ಯಾವ ಮುಖದಿಂದ ಉತ್ತರ ಹೇಳುವುದು? ಹನ್ನೆರಡು ಗಂಟೆ ನಿಂತು ಬಂದವಳಿಗೆ ಪೈ ಹಾಗಿರಲಿ, ಮುದ್ದೆ ತಿರುವಲು ಕೈ ಏಳುತ್ತದೆಯೇ?

ಮನೆಯಲ್ಲಿ ಮಾಡಿದ ಊಟ ಒಳ್ಳೆಯದೆಂಬುದರಲ್ಲಿ ನಮಗೆ ತಕರಾರಿಲ್ಲ. ಬಿಡುವಿದ್ದ ಭಾನುವಾರ ಒಮ್ಮೆ ಈ ಪೈಯನ್ನು ಮಾಡಿ ನೋಡಿ. ಓವನ್ ಇಲ್ಲದಿದ್ದರೆ ಪರಿಚಯದ ಬೇಕರಿಯವನ ಭಟ್ಟಿ ಆರುವ ಹೊತ್ತಿಗೆ ತಟ್ಟೆ ಒಯ್ದುಕೊಡಿ. ಅವನ ಬೆಂಕಿಗೂ ಶ್ರಮಕ್ಕೂ ನ್ಯಾಯವಾದ ಕಾಸು ಕೊಡಿ. ಗಂಡಸರು ಕಣಕಕ್ಕೆ ಕೈ ಹಾಕಲಿ. ಬೆರಳ ತುದಿಯಿಂದ ಬೆಣ್ಣೆ ಉಜ್ಜಲು ಬಲವೇನೂ ಬೇಡ.

ಆದರೆ ಮುಂದೆ ಯಾವನಾದರೂ ನಿಮ್ಮ ಮುಂದೆ ನಿಂತು, ಬಡವರಿಗೆ ಅಡುಗೆ ಬಾರದು, ಅದಕ್ಕೇ ಹಸಿವು ಎಂದು ಭಾಷಣ ಬಿಗಿದರೆ, ಅವನ ಕೈಗೆ 1378ರ ಆ ದರಪಟ್ಟಿಯನ್ನು ಕೊಡಿ. ಕಣಕಕ್ಕೆ ಇಷ್ಟು, ಬೆಂಕಿಗೆ ಇಷ್ಟು, ಶ್ರಮಕ್ಕೆ ಇಷ್ಟು ಎಂದು ಪೈಗೆ ಪೈ ಲೆಕ್ಕ ಕೇಳಿ. ಹಿಟ್ಟಿನ ಬೆಲೆ ಇಳಿಸುತ್ತೀಯಾ? ಗ್ಯಾಸಿನ ಬೆಲೆ ಇಳಿಸುತ್ತೀಯಾ? ದುಡಿಮೆಯ ಗಂಟೆ ಇಳಿಸುತ್ತೀಯಾ? ಮೂರಕ್ಕೂ ಉತ್ತರ ಕೊಟ್ಟ ಮೇಲೆ ಅವನು ಅಡುಗೆ ಕಲಿಸಲಿ. ನಾವು ಚಾಪೆ ಹಾಸಿ ಕೂತು ಕಲಿಯೋಣ.